ಸೊನ್ನೆಯ ಗುರುತು

ಕೌಲ್ ಬಜಾರಿನಿಂದ ಗಿಣಿಗೇರಿಯ ತನಕ
ನನ್ನನ್ನು ಎಳೆದು ತಂದದ್ದು ಒಂದು ಸೋರುವ ಡಬ್ಬಿ.
ಅದಿರು ಲಾರಿಯ ರೇಡಿಯೇಟರ್ ಬಿಟ್ಟು ನನಗೇನೂ ಬರಲ್ಲರೀ ಅಂದಿದ್ದೆ.
ಶಾರೋನ್ ಮೇಡಂ ಕೈಗೆ ಟಾರ್ಚು ಕೊಟ್ಟು,
"ಸೋರೋದಕ್ಕ ಜಾತಿ ಐತೇನು ದಸ್ತಗೀರ್?" ಅಂದರು.

ಶೆಡ್ಡಿನೊಳಗೆ ಅದು ಮೂಗೆತ್ತಿ ಕೂತಿತ್ತು,
ನಮ್ಮಪ್ಪನಿಗಿಂತ ಎರಡು ವರ್ಷ ಹಿರಿಯದು.
ಮೈತುಂಬ ಬಟ್ಟೆ. ಬೆರಳಲ್ಲಿ ತಟ್ಟಿದರೆ
ಬೆಂಕಿಗೆ ಕಾಯಿಸಿದ ಹಲಗೆಯ ಸದ್ದು.
ಗಾಜಿನ ಮುಂದೆ, ಮುಚ್ಚಳದ ತೂತಿನಿಂದ
ಎದ್ದು ನಿಂತ ಒಂದು ತಂತಿ.
ಅಷ್ಟೇ ಮೀಟರು.
ಒಳಗೆ ತಂತಿಯ ತುದಿಗೊಂದು ಬೆಂಡು ತೇಲುತ್ತದೆ,
ಎಣ್ಣೆ ಇಳಿದಷ್ಟು ತಂತಿ ಇಳಿಯುತ್ತದೆ,
ಅದೊಂದನ್ನೇ ನಂಬಿ ಹಾರಿದ್ದಾರೆ
ಎಪ್ಪತ್ತು ವರ್ಷ.

ಈಗ ಬೆಂಡಿನ ವಾರ್ನಿಷ್ ಕರಗಿದೆ.
ಎಣ್ಣೆ ಕುಡಿದು ಭಾರವಾಗಿ
ತುಂಬಿದ್ದರೂ ಇಲ್ಲ ಅನ್ನುತ್ತದೆ.
ಒಮ್ಮೊಮ್ಮೆ ತಂತಿ ತೂತಿಗೆ ಸಿಕ್ಕಿ
ಇಲ್ಲದಿದ್ದರೂ ಇದೆ ಅನ್ನುತ್ತದೆ.
"ಮೊದಲನೇದು ರೊಕ್ಕಕ್ಕ ನಷ್ಟ. ಎರಡನೇದು..."
ಮೇಡಂ ಮಾತು ಮುಗಿಸಲಿಲ್ಲ.

ಟ್ಯಾಂಕು ಇಳಿಸಿದೆವು. ಕಲಾಯಿ ತಗಡು,
ಮೂಲೆಯ ಬೆಸುಗೆಯಲ್ಲಿ ನೀಲಿ ಕಲೆ.
ಈ ಎಣ್ಣೆಗೆ ಬಣ್ಣ ಬೆರೆಸುತ್ತಾರಂತೆ.
ಜೀನ್ಸ್ ತೊಳೆದ ನೀರು ನಮ್ಮ ಓಣಿಯ ಚರಂಡಿಯಲ್ಲಿ ಹರಿಯುತ್ತದಲ್ಲ,
ಥೇಟ್ ಅದೇ ನೀಲಿ.
ಜಾಲರಿಯಲ್ಲಿ ಒಂದು ಚಿಟಿಕೆ ಕೆಂಪು ಧೂಳು:
ಸಂಡೂರಿನದು, ಯಾರನ್ನೂ ಕೇಳಬೇಕಾಗಲಿಲ್ಲ.

ಹೊಸವು ಅಲ್ಯೂಮಿನಿಯಂ, ರೆಕ್ಕೆಗೊಂದು.
ಒಳಗಿನ ಅಡ್ಡತಗಡಿನ ಅಳತೆಗೆ ಹಳೆಯದನ್ನು ಕೊಯ್ಯಬೇಕಿತ್ತು.
"ಖಾಲಿ ಐತಲ್ಲಣ್ಣ, ಹಚ್ಚಲೇನು ಗ್ರೈಂಡರ್?" ಅಂದ ಯಮನೂರ.
ಅವನ ಮಣಿಕಟ್ಟು ಹಿಡಿದುಕೊಂಡೆ, ಬಹಳ ಗಟ್ಟಿಯಾಗಿ.

ನನ್ನ ಉಸ್ತಾದ್ ಜಿಲಾನಿಗೆ ಹುಬ್ಬು ಇರಲಿಲ್ಲ.
ಎಡಗಿವಿ ಒಂದು ಒಣದ್ರಾಕ್ಷಿ.
ಅಂಬಾಸಡರ್ ಟ್ಯಾಂಕು, ಮೂರು ತಿಂಗಳಿಂದ ಖಾಲಿ ಬಿದ್ದದ್ದು.
ತುಂಬಿದ್ದು ಉರೀತದ ಬೇಟಾ, ಖಾಲಿದು ಸಿಡೀತದ
ಅನ್ನುತ್ತಿದ್ದ, ಚಹಾ ಸೋಸುತ್ತ,
ಹವಾಮಾನದ ಸುದ್ದಿ ಹೇಳಿದ ಹಾಗೆ.
ಎರಡು ದಿನ ಹಬೆ ಹಾಯಿಸಿದೆ.
ಯಮನೂರ ನಗುತ್ತಿದ್ದ, ಅನ್ನ ಬೇಯಿಸ್ತೀಯೇನು ಅದರಾಗ ಅಂತ.

ಸಾಬೂನಿನ ನೊರೆ ಹಚ್ಚಿ ಗಾಳಿ ತುಂಬಿದಾಗ
ಒಂದೂ ಗುಳ್ಳೆ ಏಳಲಿಲ್ಲ.
ನಾನು ಉಸಿರು ಬಿಟ್ಟೆ.

ಮೀಟರಿಗೆ ಗುರುತು ಹಾಕುವ ದಿನ
ಬಾಲವನ್ನು ಡ್ರಮ್ಮಿನ ಮೇಲೆ ಎತ್ತಿ ಮಟ್ಟ ನೋಡಿದೆವು.
ಮೂಗೆತ್ತಿದಾಗ ಅದು ಹೇಳುವುದೆಲ್ಲ ಸುಳ್ಳಂತೆ
(ಕೆಲವು ಮನುಷ್ಯರ ನೆನಪಾಯಿತು, ಹೆಸರು ಬೇಡ).
ಮೇಡಂ ಮೊದಲು ಎರಡು ಲೀಟರ್ ಅಳೆದು ಸುರಿದರು.
ಸೂಜಿ ತುಸು ಮಿಸುಕಿತು. ತಿರುಪು ತಿರುಗಿಸಿ
ಅದನ್ನು ಕೆಳಗೆ ಕೂರಿಸಿದರು.
"ಇದು ಸೊನ್ನೆ."
ಎರಡು ಲೀಟರ್ ಐತಲ್ಲರೀ?
"ಐತಿ. ಎಂಜಿನ್ನಿಗೆ ಮುಟ್ಟಂಗಿಲ್ಲ. ತಳದಾಗ ಉಳಿಯೋದು ಲೆಕ್ಕಕ್ಕಿಲ್ಲ.
ಅರ್ಧ, ಮುಕ್ಕಾಲು ಹೆಚ್ಚುಕಮ್ಮಿ ಆದ್ರೂ ನಡೀತದ,
ಸೊನ್ನೆ ಮಾತ್ರ ಸುಳ್ಳು ಹೇಳಬಾರದು."
ಆಮೇಲೆ ಐದೈದು ಲೀಟರ್, ಒಂದೊಂದು ಪೆನ್ಸಿಲ್ ಗೆರೆ,
ಸಂಜೆಯ ತನಕ.

ವಿಮಾನ ಹಾರಿತಂತೆ. ನಾನು ನೋಡಲಿಲ್ಲ,
ಆವತ್ತು ತೋರಣಗಲ್ಲಿನ ಒಂದು ಟಿಪ್ಪರ್ ಬಂದಿತ್ತು.

ಕೂಲಿಯ ಜೊತೆ ಆ ಹಳೆಯ ತಂತಿ ಕೇಳಿ ತಂದಿದ್ದೆ.
ಬೆಂಡನ್ನು ಒಣಗಿಸಿ, ನಾಲ್ಕು ಕೈ ವಾರ್ನಿಷ್ ಹೊಡೆದು
ಮನೆಯ ನೀರಿನ ಡ್ರಮ್ಮಿನ ಮುಚ್ಚಳಕ್ಕೆ ತೂರಿಸಿದೆ.
ಒಂಬತ್ತು ದಿನಕ್ಕೊಮ್ಮೆ ನಳ ಬರುವ ಓಣಿ ನಮ್ಮದು.
ಚಾಂದಬಿ ಸುತ್ತ ಎರಡು ಸಲ ತಿರುಗಿ ನೋಡಿದಳು.
ಮೊಳೆ ತಂದು ತಂತಿಯ ಮೇಲೆ ತಾನೇ ಒಂದು ಗೀರು ಎಳೆದಳು:
"ಇಲ್ಲಿಗೆ ಖಾಲಿ."
ಅಲ್ಲೇ, ಇನ್ನೂ ಮೂರು ಕೊಡ ಇರ್ತದಲ್ಲ ತಳದಾಗ?

"ಇರ್ಲಿ," ಅಂದಳು ಮುಚ್ಚಳ ಒತ್ತುತ್ತ,
"ಯಾರಾದ್ರೂ ಬಂದ್ರ?"